ಎಂದೆಂದೂ ಬರುತ್ತಲೇ ಇರುವ ಕುಂಭ ಯುಗ

1962ರ ಫೆಬ್ರುವರಿ ಮೊದಲ ವಾರದಲ್ಲಿ ಭಾರತದ ಊರೂರಲ್ಲೂ ಹೋಮದ ಹೊಗೆ ಎದ್ದಿತು. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಜೊತೆಗೆ ಕೇತು, ಈ ಎಂಟೂ ಮಕರ ರಾಶಿಯಲ್ಲಿ ಒಟ್ಟಾಗುವ ಅಷ್ಟಗ್ರಹ ಕೂಟ ಅದು. ಪ್ರಳಯವಾಗುತ್ತದೆ, ಇಲ್ಲವೇ ಮಹಾಯುದ್ಧವಾದರೂ ಆಗುತ್ತದೆ ಎಂಬ ಭಯ. ಪ್ರಯಾಣ ಮುಂದಕ್ಕೆ ಹಾಕಿದವರೆಷ್ಟೋ, ಜಪಕ್ಕೆ ಕೂತವರೆಷ್ಟೋ. 5ರ ಅಮಾವಾಸ್ಯೆಗೆ ಪೂರ್ಣ ಸೂರ್ಯಗ್ರಹಣವೂ ಕೂಡಿಕೊಂಡಿತ್ತು. ಕೂಟ ಬಂತು, ಹೋಯಿತು, ಲೋಕ ಉಳಿಯಿತು. ಉಳಿದದ್ದು ಯಜ್ಞದ ಫಲ ಎಂದು ಮಾಡಿಸಿದವರು ಹೇಳಿಕೊಳ್ಳಲು ಅಡ್ಡಿಯೇನೂ ಇರಲಿಲ್ಲ.

ಅದೇ ದಿನಗಳಲ್ಲಿ ಅಮೆರಿಕದ ಜ್ಯೋತಿಷಿಗಳೂ ಅದೇ ಕೂಟವನ್ನು ನೋಡುತ್ತಿದ್ದರು. ಅವರ ಲೆಕ್ಕದಲ್ಲಿ ಗ್ರಹಗಳೆಲ್ಲ ಸೇರಿದ್ದು ಮಕರದಲ್ಲಲ್ಲ, ಕುಂಭದಲ್ಲಿ. (ಕೇತುವಿಗೆ ಅವರಲ್ಲಿ ಗ್ರಹದ ಪಟ್ಟವಿಲ್ಲ, ಹಾಗಾಗಿ ಏಳೇ.) ಇದೇ ಕುಂಭ ಯುಗದ ಉದಯ ಎಂದವರಿದ್ದರು. ಜೀನ್ ಡಿಕ್ಸನ್ ಎಂಬ ಹೆಸರಾಂತ ಭವಿಷ್ಯವಾದಿಯಂತೂ ಫೆಬ್ರುವರಿ 5ರಂದು ಮಧ್ಯಪ್ರಾಚ್ಯದಲ್ಲಿ ಲೋಕವನ್ನೇ ಬದಲಿಸುವ ಮಗುವೊಂದು ಹುಟ್ಟಿದೆ ಎಂದು ಸಾರಿದರು. ಆಕಾಶ ಒಂದೇ, ಗ್ರಹಗಳೂ ಅವೇ. ಇಲ್ಲಿ ಮಕರ ಮತ್ತು ಪ್ರಳಯ, ಅಲ್ಲಿ ಕುಂಭ ಮತ್ತು ಹೊಸ ಯುಗ. ಈ ಎರಡು ಓದಿನ ನಡುವಿನ ಅಂತರ ಅಂದಿಗೆ ಇಪ್ಪತ್ತಮೂರು ಡಿಗ್ರಿ ಚಿಲ್ಲರೆ. ನಮ್ಮ ಪಂಚಾಂಗಗಳಲ್ಲಿ ಆ ಅಂತರಕ್ಕೆ ಅಯನಾಂಶ ಎಂದು ಹೆಸರು. ರಾಶಿಯುಗಗಳ ಇಡೀ ತಕರಾರು ಹುಟ್ಟುವುದು ಅಲ್ಲಿಂದಲೇ.

ಮೊದಲು ಆಕಾಶದಲ್ಲಿ ನಿಜಕ್ಕೂ ನಡೆಯುವುದೇನು ಎಂದು ನೋಡೋಣ. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದಷ್ಟೆ. ವೇಗ ತಗ್ಗಿದ ಬುಗುರಿಯ ತಲೆಯ ಹಾಗೆ ಆ ಅಕ್ಷವೂ ನಿಧಾನಕ್ಕೆ ಒಂದು ಸುತ್ತು ಹೊಡೆಯುತ್ತದೆ. ಸಮಭಾಜಕದ ಸುತ್ತ ಭೂಮಿ ತುಸು ಉಬ್ಬಿದೆ. ಆ ಉಬ್ಬನ್ನು ಚಂದ್ರ, ಸೂರ್ಯರು ಎಳೆಯುವುದರಿಂದ ಈ ಸುತ್ತಾಟ. ಕಾರಣವನ್ನು ಮೊದಲು ವಿವರಿಸಿದವನು ನ್ಯೂಟನ್, 1687ರ ‘ಪ್ರಿನ್ಸಿಪಿಯಾ’ದಲ್ಲಿ. ಒಂದು ಸುತ್ತಿಗೆ ಸುಮಾರು 25,800 ವರ್ಷ ಬೇಕು. ಹಾಗಾಗಿಯೇ ಧ್ರುವ ನಕ್ಷತ್ರದ ಪದವಿ ಯಾರಿಗೂ ಶಾಶ್ವತವಲ್ಲ. ಈಜಿಪ್ಟಿನ ಪಿರಮಿಡ್‌ಗಳ ಕಾಲಕ್ಕೆ ಥೂಬಾನ್ ಎಂಬ ಮಂದ ತಾರೆ ಅಲ್ಲಿತ್ತು. ಇನ್ನು 12,000 ವರ್ಷದ ಹೊತ್ತಿಗೆ ಅಭಿಜಿತ್ ಆ ಜಾಗದ ಹತ್ತಿರಕ್ಕೆ ಬರುತ್ತದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇನ್ನೊಂದು ಪರಿಣಾಮ. ಮಾರ್ಚ್ 20-21ರಂದು ಹಗಲು ರಾತ್ರಿ ಸಮವಾಗುವಾಗ ಸೂರ್ಯ ಇರುವ ಜಾಗ, ಅಂದರೆ ವಸಂತ ಸಂಪಾತ, ನಕ್ಷತ್ರಗಳ ನಡುವೆ ವರ್ಷಕ್ಕೆ ಸುಮಾರು 50 ವಿಕಲೆ ಹಿಂದಕ್ಕೆ ಸರಿಯುತ್ತದೆ. ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ, 30 ಡಿಗ್ರಿಯ ಒಂದು ರಾಶಿ ದಾಟಲು ಸುಮಾರು 2,150 ವರ್ಷ. ದಿಕ್ಕು ಉಲ್ಟಾ: ವೃಷಭದಿಂದ ಮೇಷಕ್ಕೆ, ಮೇಷದಿಂದ ಮೀನಕ್ಕೆ, ಮೀನದಿಂದ ಕುಂಭಕ್ಕೆ.

ರಾಶಿಯುಗದ ವಾದ ಇದರ ಮೇಲೆ ಕಟ್ಟಿದ ಮಾಳಿಗೆ. ಸಂಪಾತ ಯಾವ ರಾಶಿಯಲ್ಲಿರುತ್ತದೋ ಆ ರಾಶಿಯ ಗುಣ ಆ ಎರಡು ಸಾವಿರ ವರ್ಷದ ಮನುಷ್ಯ ಚರಿತ್ರೆಯನ್ನು ಆಳುತ್ತದಂತೆ. ವೃಷಭ ಯುಗದಲ್ಲಿ ಗೂಳಿಯ ಪೂಜೆ, ಮೇಷದಲ್ಲಿ ಟಗರಿನ ಬಲಿ, ಮೀನದಲ್ಲಿ ಬೆಸ್ತರನ್ನು ಶಿಷ್ಯರನ್ನಾಗಿ ಮಾಡಿಕೊಂಡ ಏಸು, ಮುಂದೆ ಕುಂಭದಲ್ಲಿ ವಿಜ್ಞಾನ, ಸಮಾನತೆ, ವಿಶ್ವಭ್ರಾತೃತ್ವ. ಇದನ್ನು ಪ್ರಾಚೀನರ ಗೂಢಜ್ಞಾನ ಎಂದು ಹೇಳುವ ರೂಢಿಯಿದೆ. ನೆಲಮಾಳಿಗೆ ಪ್ರಾಚೀನದ್ದೇ ಹೌದು. ಮೇಲಂತಸ್ತು ಮಾತ್ರ ಫ್ರಾನ್ಸಿನ ಮಹಾಕ್ರಾಂತಿಗಿಂತ ಹೆಚ್ಚು ಹಳೆಯದಲ್ಲ.

ನೆಲಮಾಳಿಗೆ ಕಟ್ಟಿದವನು ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್, ಕ್ರಿ.ಪೂ. 2ನೇ ಶತಮಾನದವನು. ತನಗಿಂತ ನೂರೈವತ್ತು ವರ್ಷ ಹಿಂದಿನ ಟಿಮೊಕ್ಯಾರಿಸ್, ಚಿತ್ತಾ ನಕ್ಷತ್ರ ಶರತ್ ಸಂಪಾತದಿಂದ 8 ಡಿಗ್ರಿ ದೂರದಲ್ಲಿದೆ ಎಂದು ಅಳೆದಿದ್ದ. ಹಿಪ್ಪಾರ್ಕಸ್ ಅಳೆದಾಗ ಬಂದದ್ದು 6 ಡಿಗ್ರಿ. ನಕ್ಷತ್ರ ಜರುಗಿತೋ ಸಂಪಾತ ಜರುಗಿತೋ? ಶತಮಾನಕ್ಕೆ ಕನಿಷ್ಠ ಒಂದು ಡಿಗ್ರಿಯಾದರೂ ಚಲನೆ ಇದೆ ಎಂದು ಅವನು ತೀರ್ಮಾನಿಸಿದ. ಮುಂದೆ ಟಾಲೆಮಿ ‘ಕನಿಷ್ಠ’ ಎಂಬುದನ್ನು ಬಿಟ್ಟು ಶತಮಾನಕ್ಕೆ ಒಂದೇ ಡಿಗ್ರಿ ಎಂದು ನಿಗದಿ ಮಾಡಿದ, ಸುತ್ತು 36,000 ವರ್ಷಕ್ಕೆ ಉದ್ದವಾಯಿತು. ಇವರಿಬ್ಬರೂ ಜ್ಯೋತಿಷವನ್ನು ಬಲ್ಲವರು. ಟಾಲೆಮಿ ಅದರ ಮೇಲೆ ಒಂದು ಪ್ರಮಾಣಗ್ರಂಥವನ್ನೇ ಬರೆದವನು. ಆದರೆ ಸಂಪಾತ ಮನೆ ಬದಲಿಸಿದರೆ ಯುಗ ಬದಲಾಗುತ್ತದೆ ಎಂಬ ಮಾತು ಟಾಲೆಮಿಯ ಗ್ರಂಥದಲ್ಲಿಲ್ಲ. ಪ್ಲೇಟೋನ ‘ಮಹಾವರ್ಷ’ವನ್ನು ಇದಕ್ಕೆ ತಳುಕು ಹಾಕುವವರಿದ್ದಾರೆ. ಪ್ಲೇಟೋ ಹೇಳಿದ್ದು ಎಲ್ಲ ಗ್ರಹಗಳೂ ಹೊರಟ ಜಾಗಕ್ಕೆ ಒಟ್ಟಿಗೆ ಮರಳುವ ಅವಧಿಯನ್ನು. ಸಂಪಾತ ಚಲಿಸುತ್ತದೆಂಬುದು ಗೊತ್ತಾದದ್ದೇ ಅವನು ತೀರಿಕೊಂಡು ಇನ್ನೂರು ವರ್ಷದ ಮೇಲೆ.

ಮಧ್ಯಯುಗದ ಜ್ಯೋತಿಷಿಗಳು ಯುಗಪರಿವರ್ತನೆಯ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ ಎಂದಲ್ಲ. ಬಹಳವೇ ಕೆಡಿಸಿಕೊಂಡಿದ್ದರು. ಅವರ ಗಡಿಯಾರ ಮಾತ್ರ ಬೇರೆ: ಗುರು ಮತ್ತು ಶನಿಯ ಯುತಿ. ಇಪ್ಪತ್ತು ವರ್ಷಕ್ಕೊಮ್ಮೆ ಇವೆರಡು ಸೇರುತ್ತವೆ, ಸುಮಾರು 240 ವರ್ಷಕ್ಕೊಮ್ಮೆ ಸೇರುವ ರಾಶಿಗಳ ಗುಂಪು ಬದಲಾಗುತ್ತದೆ, 960 ವರ್ಷಕ್ಕೆ ಒಂದು ಆವರ್ತ ಮುಗಿಯುತ್ತದೆ. 9ನೇ ಶತಮಾನದ ಬಾಗ್ದಾದಿನ ಅಬೂ ಮಾಶರ್ ಇದರ ಮೇಲೆ ರಾಜ್ಯಗಳ ಏಳುಬೀಳು, ಮತಗಳ ಹುಟ್ಟು ಎಲ್ಲವನ್ನೂ ಲೆಕ್ಕ ಹಾಕಿದ. ಯುರೋಪು ಅದನ್ನು ಕಣ್ಣಿಗೊತ್ತಿಕೊಂಡಿತು. 1524ರ ಫೆಬ್ರುವರಿಯಲ್ಲಿ ಗ್ರಹಗಳು ಮೀನದಲ್ಲಿ ಕೂಡುತ್ತವೆ, ಮೀನ ಜಲರಾಶಿ, ಹಾಗಾಗಿ ಜಲಪ್ರಳಯ ಖಂಡಿತ ಎಂದು ವರ್ಷಗಟ್ಟಲೆ ಕರಪತ್ರಗಳು ಅಚ್ಚಾದವು. ಮುದ್ರಣಯಂತ್ರ ಆಗ ಹೊಸದು, ಭಯ ಚೆನ್ನಾಗಿ ಮಾರಾಟವಾಯಿತು. ಪ್ರಳಯವಂತೂ ಬರಲಿಲ್ಲ. ಇದಕ್ಕೆ ಎದುರಾಗಿ ಇಡಬಹುದಾದ ಒಂದು ಉದಾಹರಣೆಯೂ ಇದೆ. ಫ್ರಾನ್ಸಿನ ಪಾದ್ರಿ ಪಿಯೆರ್ ದಾಯಿ 1414ರಲ್ಲಿ ಬರೆದ ಗ್ರಂಥದಲ್ಲಿ, ಲೋಕ ಅಷ್ಟು ಕಾಲ ಉಳಿದರೆ, 1789ರಲ್ಲಿ ಧರ್ಮ ಮತ್ತು ರಾಜ್ಯವ್ಯವಸ್ಥೆಗಳಲ್ಲಿ ಭಾರೀ ಬದಲಾವಣೆ ಆಗುತ್ತದೆ ಎಂದಿದ್ದ. ಬಾಸ್ಟೀಲ್ ಕೋಟೆ ಬಿದ್ದ ವರ್ಷ ಅದು! ಭವಿಷ್ಯ ನಂಬುವವರು ಈ ಒಂದನ್ನು ಎತ್ತಿ ತೋರಿಸುತ್ತಾರೆ, ಸುಳ್ಳಾದ ನೂರನ್ನು ಬಿಡುತ್ತಾರೆ. ಅದೇನಿದ್ದರೂ, ಇಲ್ಲೂ ಸಂಪಾತದ ಸುದ್ದಿಯಿಲ್ಲ.

ಸಂಪಾತವನ್ನು ಚರಿತ್ರೆಗೆ ಕಟ್ಟಿಹಾಕಿದ ಕೆಲಸ ಶುರುವಾದದ್ದು ಆ 1789ರ ಬೆನ್ನಿಗೇ. ಶಾರ್ಲ್ ದ್ಯುಪ್ವಿ ಎಂಬ ಫ್ರೆಂಚ್ ವಿದ್ವಾಂಸ 1795ರಲ್ಲಿ ಎಲ್ಲ ಮತಗಳ ಮೂಲವನ್ನು ಹುಡುಕುವ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ದೇವರುಗಳೆಲ್ಲ ಸೂರ್ಯ ಮತ್ತು ನಕ್ಷತ್ರಗಳ ವೇಷ, ಕ್ರಿಸ್ತನೆಂಬ ಕುರಿಮರಿ ಮೇಷ ರಾಶಿಯ ಸೂರ್ಯ, ಗೂಳಿದೇವತೆಗಳು ಸಂಪಾತ ವೃಷಭದಲ್ಲಿದ್ದ ಕಾಲದವು ಎಂಬುದು ಅವನ ವಾದ. ರಾಶಿಚಕ್ರ ಹುಟ್ಟಿದ್ದು ಈಜಿಪ್ಟಿನಲ್ಲಿ, ಹದಿನಾಲ್ಕು ಹದಿನೈದು ಸಾವಿರ ವರ್ಷದ ಹಿಂದೆ ಎಂದೂ ಲೆಕ್ಕ ಕಟ್ಟಿದ. ಅವನ ಉದ್ದೇಶ ಹೊಸ ಯುಗವನ್ನು ಸ್ವಾಗತಿಸುವುದಲ್ಲ, ಚರ್ಚಿನ ಕಾಲು ಮುರಿಯುವುದು. ಬೈಬಲ್ಲಿನ ಪ್ರಕಾರ ಲೋಕಕ್ಕೆ ಆರು ಸಾವಿರ ವರ್ಷವಾಗಿದ್ದರೆ, ಹದಿನೈದು ಸಾವಿರ ವರ್ಷದ ರಾಶಿಚಕ್ರ ಅದನ್ನು ಸುಳ್ಳು ಮಾಡುತ್ತದಲ್ಲ!

ಪುರಾವೆ ಸಿಕ್ಕೇಬಿಟ್ಟಿತು ಎನ್ನಿಸಿದ್ದು ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯಲ್ಲಿ. ದೆಂದೆರಾದ ದೇವಾಲಯದ ಚಾವಣಿಯಲ್ಲಿ ಫ್ರೆಂಚರು ದುಂಡನೆಯ ರಾಶಿಚಕ್ರದ ಕೆತ್ತನೆ ಕಂಡರು. ಅದರಲ್ಲಿನ ರಾಶಿಗಳ ನಿಲುವಿನಿಂದ ಅದರ ವಯಸ್ಸು ತೆಗೆಯಲು ಪಂಡಿತರು ಮುಗಿಬಿದ್ದರು. ಸಾವಿರಾರು ವರ್ಷಗಳ ಅಂತರದ ಉತ್ತರಗಳು ಬಂದವು. 1821ರಲ್ಲಿ ಒಬ್ಬ ಫ್ರೆಂಚ್ ಗುತ್ತಿಗೆದಾರ ಆ ಕಲ್ಲನ್ನೇ ಚಾವಣಿಯಿಂದ ಕೊಯ್ದು ಪ್ಯಾರಿಸ್ಸಿಗೆ ಸಾಗಿಸಿದ, ದೊರೆ ಹದಿನೆಂಟನೆಯ ಲೂಯಿ 1,50,000 ಫ್ರಾಂಕ್ ಕೊಟ್ಟು ಕೊಂಡ. ಭೌತವಿಜ್ಞಾನಿ ಬಿಯೋ ಲೆಕ್ಕ ಹಾಕಿ ಕ್ರಿ.ಪೂ. 716 ಎಂದ. ಚಿತ್ರಲಿಪಿ ಓದಲು ಆಗಷ್ಟೇ ಕಲಿತಿದ್ದ ಶಾಂಪೋಲಿಯನ್, ಅದರ ಬಳಿಯ ಬರಹದಲ್ಲಿ ರೋಮನ್ ಚಕ್ರವರ್ತಿಯ ಬಿರುದಿದೆ, ಹಾಗಾಗಿ ಇದು ರೋಮನ್ ಕಾಲದ್ದು ಎಂದ. ತಮಾಷೆ ಏನೆಂದರೆ, ಕೆಲವು ವರ್ಷದ ಮೇಲೆ ಶಾಂಪೋಲಿಯನ್ ಸ್ವತಃ ದೆಂದೆರಾಕ್ಕೆ ಹೋಗಿ ನೋಡಿದಾಗ ಆ ಬಿರುದು ಇರಬೇಕಾದ ಚೌಕಟ್ಟು ಖಾಲಿ ಇತ್ತು. ಚಿತ್ರ ಬಿಡಿಸಿದವರು ಸೇರಿಸಿದ್ದರು. ಆದರೂ ಅವನ ತೀರ್ಮಾನ ಹೆಚ್ಚುಕಡಿಮೆ ಸರಿಯಾಗಿತ್ತು. ಆ ಕೆತ್ತನೆಯ ಕಾಲ ಕ್ರಿ.ಪೂ. 50ರ ಆಸುಪಾಸು ಎಂದು ಈಗ ಒಪ್ಪಿದ್ದಾರೆ, ಗ್ರೀಕರ ರಾಶಿಗಳು ಈಜಿಪ್ಟಿಗೆ ಬಂದ ಮೇಲಿನದು. ಸಂಪಾತವನ್ನು ಹಿಡಿದು ಚರಿತ್ರೆಗೆ ತಾರೀಕು ಬರೆಯುವ ಉತ್ಸಾಹ ಎಷ್ಟು ದೂರ ಹೋಗಿ ಬೀಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಸಂಗ ನನಗೆ ಗೊತ್ತಿಲ್ಲ.

ದ್ಯುಪ್ವಿಯ ನಾಸ್ತಿಕ ಆಯುಧವನ್ನು 19ನೇ ಶತಮಾನದ ಕೊನೆಗೆ ಅಧ್ಯಾತ್ಮವಾದಿಗಳು ಎತ್ತಿಕೊಂಡರು. ಇಂಗ್ಲೆಂಡಿನ ಜೆರಾಲ್ಡ್ ಮ್ಯಾಸಿ 1880ರ ದಶಕದಲ್ಲಿ ಇದನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಅಡ್ಯಾರಿಗೆ ಬಂದು ನೆಲೆಸಿದ ಥಿಯಾಸಾಫಿಕಲ್ ಸೊಸೈಟಿಯ ಸುತ್ತಮುತ್ತ ಯುಗ, ಮನ್ವಂತರ, ಜಗದ್ಗುರುವಿನ ಆಗಮನ ಎಲ್ಲವೂ ಒಂದೇ ಪಾಕವಾಯಿತು. 1908ರಲ್ಲಿ ಅಮೆರಿಕದ ಲೀವೈ ಡೌಲಿಂಗ್ ಕುಂಭ ಯುಗದ ಸುವಾರ್ತೆಯನ್ನೇ ಪ್ರಕಟಿಸಿದ. ಅದರಲ್ಲಿ ಏಸು ಪುರಿ ಜಗನ್ನಾಥಕ್ಕೂ ಕಾಶಿಗೂ ಬಂದು ಹೋಗುತ್ತಾನೆ. ಮನೋವಿಜ್ಞಾನಿ ಯೂಂಗ್ 1951ರ ‘ಐಯಾನ್’ ಗ್ರಂಥದಲ್ಲಿ ಮೀನು ಮತ್ತು ಕ್ರಿಸ್ತನ ಸಂಬಂಧವನ್ನು ಸಂಪಾತದ ಜೊತೆ ಸೇರಿಸಿ ನೂರಾರು ಪುಟ ಬರೆದ. ಈ ಪಂಗಡದಲ್ಲಿ ಓದಬೇಕಾದ ಪುಸ್ತಕ ಅದೊಂದೇ ಎಂದು ನನ್ನ ಅಭಿಪ್ರಾಯ. ನಕ್ಷತ್ರಪುಂಜಗಳ ಗಡಿ ಮನಸ್ಸಿಗೆ ಬಂದಂತೆ ಎಳೆದದ್ದು, ಆದ್ದರಿಂದ ತಾರೀಕು ಹೇಳುವುದು ಕಷ್ಟ ಎಂದು ಒಪ್ಪುವ ಪ್ರಾಮಾಣಿಕತೆಯಾದರೂ ಅವನಿಗಿತ್ತು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು: 1967ರ ‘ಹೇರ್’ ನಾಟಕದ ಹಾಡು, ಕುಂಭ ಯುಗದ ಮೇಳ ಎಂದೇ ಜಾಹೀರಾತು ಹಾಕಿಕೊಂಡ 1969ರ ವುಡ್‌ಸ್ಟಾಕ್, ಉದ್ದ ಕೂದಲು, ಗಾಂಜಾ, ಯೋಗ.

ಹಾಗಾದರೆ ಕುಂಭ ಯುಗ ಶುರುವಾಗುವುದು ಯಾವಾಗ? ಬ್ರಿಟಿಷ್ ವಿದ್ವಾಂಸ ನಿಕೊಲಸ್ ಕ್ಯಾಂಪಿಯನ್ ಬೇರೆಬೇರೆಯವರು ಕೊಟ್ಟ ತಾರೀಕುಗಳನ್ನು ಕೂಡಿಹಾಕಿದ್ದಾರೆ. 1447ರಿಂದ 3597ರವರೆಗೆ ಹರಡಿವೆ! ಅಂದರೆ ಒಂದು ಯುಗದ ಆರಂಭದ ಬಗೆಗಿನ ಭಿನ್ನಾಭಿಪ್ರಾಯವೇ ಒಂದು ಪೂರ್ತಿ ಯುಗದಷ್ಟು ಉದ್ದ. ಅತಿ ಹೆಚ್ಚು ಮಂದಿ ಹೇಳಿದ್ದು ಇಪ್ಪತ್ತನೆಯ ಶತಮಾನ, ಎಂದರೆ ತಾವು ಬದುಕಿದ್ದ ಶತಮಾನ. ಅಧ್ಯಾತ್ಮವಾದಿ ರುಡಾಲ್ಫ್ ಸ್ಟೈನರ್ ಮಾತ್ರ ತಾಳ್ಮೆಯ ಮನುಷ್ಯ. ಸಂಪಾತ ದಾಟಿದ ಮೇಲೆ ಸಂಸ್ಕೃತಿಗೆ ಅದು ತಟ್ಟಲು ಸಾವಿರ ವರ್ಷಕ್ಕೂ ಮೀರಿ ಹಿಡಿಯುತ್ತದೆ ಎಂದು 3573 ಅನ್ನು ಗೊತ್ತು ಮಾಡಿದರು.

ಅಳತೆ ವಿಕಲೆಯ ಸಾವಿರದಲ್ಲೊಂದು ಪಾಲಿನವರೆಗೆ ಖಚಿತವಿದೆ, ತಾರೀಕು ಎರಡು ಸಾವಿರ ವರ್ಷ ಜಾರುತ್ತಿದೆ. ತೊಡಕು ಇರುವುದು ಗಡಿಯಲ್ಲಿ. ಆಕಾಶದಲ್ಲಿ ಮೀನ ಮುಗಿದು ಕುಂಭ ಶುರುವಾಗುವಲ್ಲಿ ಗಡಿಕಲ್ಲು ನೆಟ್ಟಿಲ್ಲ. ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಪರವಾಗಿ ಬೆಲ್ಜಿಯಂನ ಡೆಲ್ಪೋರ್ಟ್ ಪುಂಜಗಳ ಸರಹದ್ದನ್ನು ಎಳೆದು 1930ರಲ್ಲಿ ಪ್ರಕಟಿಸಿದರು. ಆ ಗೆರೆಯನ್ನು ಒಪ್ಪಿದರೆ ಸಂಪಾತ ಮೀನಕ್ಕೆ ಬಂದದ್ದು ಕ್ರಿ.ಪೂ. 68ರ ಸುಮಾರಿಗೆ, ಕುಂಭಕ್ಕೆ ಹೋಗುವುದು 2597ರಲ್ಲಿ. ಇದು ಖಗೋಳ ಗಣಿತಜ್ಞ ಜಾನ್ ಮೇಯುಸ್ ಅವರ ಲೆಕ್ಕ. ಆದರೆ ಆ ಗೆರೆಗಳನ್ನು ಎಳೆದದ್ದು ನಕ್ಷತ್ರಗಳಿಗೆ ವಿಳಾಸ ಕೊಡುವುದಕ್ಕೆ, ಚರಿತ್ರೆಯನ್ನು ಭಾಗ ಮಾಡುವುದಕ್ಕಲ್ಲ. ಅವುಗಳಲ್ಲಿ ಸಮಪಾಲೂ ಇಲ್ಲ. ಸೂರ್ಯನ ದಾರಿಯಾದ ಕ್ರಾಂತಿವೃತ್ತದ 44 ಡಿಗ್ರಿಯನ್ನು ಕನ್ಯಾ ನುಂಗಿದೆ, ವೃಶ್ಚಿಕಕ್ಕೆ ಸಿಕ್ಕಿದ್ದು 7 ಡಿಗ್ರಿಯೂ ಇಲ್ಲ, ನಡುವೆ ಉರಗಧರ ಎಂಬ ಹದಿಮೂರನೆಯವನು ಬೇರೆ ಕಾಲು ಚಾಚಿದ್ದಾನೆ. ಈ ಪ್ರಕಾರ ಕನ್ಯಾ ಯುಗ ಮೂರು ಸಾವಿರ ವರ್ಷಕ್ಕೂ ಹೆಚ್ಚು, ವೃಶ್ಚಿಕ ಯುಗ ಐನೂರಕ್ಕೂ ಕಡಿಮೆ.

ಸಮಪಾಲಿನ ರಾಶಿ ಬೇಕೆಂದರೆ ರಾಶಿಗಳನ್ನು ನಕ್ಷತ್ರಗಳಿಗೆ ಕಟ್ಟಿದ ನಮ್ಮ ನಿರಯಣ ಪದ್ಧತಿಗೆ ಬರಬೇಕು. ನಮ್ಮಲ್ಲಿ ಈ ಚಲನೆಯ ಅರಿವು ಗ್ರೀಕರಷ್ಟು ಹಳೆಯದು ಹೌದೋ ಅಲ್ಲವೋ ಎಂಬ ವಾದ ಇದ್ದದ್ದೇ. ಸುಳಿವುಗಳಂತೂ ಇವೆ. ವೇದಾಂಗ ಜ್ಯೋತಿಷದ ಪ್ರಕಾರ ಉತ್ತರಾಯಣ ಶುರುವಾಗುವುದು ಸೂರ್ಯ ಧನಿಷ್ಠೆಯ ಆದಿಯಲ್ಲಿರುವಾಗ. 6ನೇ ಶತಮಾನದ ವರಾಹಮಿಹಿರ, ಹಿಂದಿನ ಶಾಸ್ತ್ರಗಳಲ್ಲಿ ಹಾಗಿತ್ತು, ಈಗ ಮಕರದ ಆದಿಯಲ್ಲಿ ನಡೆಯುತ್ತಿದೆ, ಕಣ್ಣಾರೆ ಪರೀಕ್ಷಿಸಿ ನೋಡಿಕೊಳ್ಳಿ ಎಂಬರ್ಥದ ಮಾತನ್ನು ಬೃಹತ್ಸಂಹಿತೆಯಲ್ಲಿ ಹೇಳುತ್ತಾನೆ. ಯುಗ ಬದಲಾಯಿತು ಎಂದು ಅವನು ಹೇಳುವುದಿಲ್ಲ. 1893ರಲ್ಲಿ ತಿಲಕರು ‘ಓರಾಯನ್’ನಲ್ಲಿ, ಸಂಪಾತ ಮೃಗಶಿರೆಯಲ್ಲಿದ್ದ ಕಾಲದ ನೆನಪು ವೇದದಲ್ಲಿದೆ ಎಂದು ವಾದಿಸಿದರು, ಹೆಚ್ಚುಕಡಿಮೆ ಆಗಲೇ ಜರ್ಮನಿಯ ವಿದ್ವಾಂಸ ಯಾಕೋಬಿಯೂ ಸ್ವತಂತ್ರವಾಗಿ ಅಂಥದೇ ಮಾತಿಗೆ ಬಂದಿದ್ದ. ದ್ಯುಪ್ವಿಯ ವಿಧಾನವೇ ಇದು, ಉದ್ದೇಶ ಮಾತ್ರ ತದ್ವಿರುದ್ಧ.

ಸೂರ್ಯಸಿದ್ಧಾಂತದ ಮಾತು ಇನ್ನೂ ಸ್ವಾರಸ್ಯದ್ದು. ಅದರ ಪ್ರಕಾರ ಸಂಪಾತ ಪೂರ್ತಿ ಸುತ್ತು ಹೊಡೆಯುವುದೇ ಇಲ್ಲ. ಮೇಷಾದಿಯ ಎರಡೂ ಬದಿಗೆ 27 ಡಿಗ್ರಿಯಷ್ಟು ತೂಗುತ್ತದೆ, ವರ್ಷಕ್ಕೆ 54 ವಿಕಲೆಯ ಹಾಗೆ. ಒಂದು ಮಹಾಯುಗದಲ್ಲಿ 600 ಸಲ, ಎಂದರೆ ಒಂದು ತೂಗಾಟಕ್ಕೆ 7,200 ವರ್ಷ. ಕಲಿಯ 3600ನೇ ವರ್ಷ, ಅಂದರೆ ಕ್ರಿ.ಶ. 499ರಲ್ಲಿ ಅದು ಮೇಷಾದಿಯಲ್ಲಿತ್ತು. ಇದನ್ನು ಅಕ್ಷರಶಃ ಹಿಡಿದರೆ 1,800 ವರ್ಷ ಹಿಂದೆ ಸರಿದು 2299ರಲ್ಲಿ 27 ಡಿಗ್ರಿ ಮುಟ್ಟಿ, ಅಲ್ಲೇ ಹೊರಳಿ ವಾಪಸು ಬರಬೇಕು. ಮೀನ ರಾಶಿ ಇರುವುದು 30 ಡಿಗ್ರಿ. ಸಂಪಾತ ಅದರ ಕೊನೆಯ ಮೂರು ಡಿಗ್ರಿಯನ್ನು ದಾಟುವುದೇ ಇಲ್ಲ! ಎಂದರೆ, ನಮ್ಮ ಪಂಚಾಂಗಗಳು ಶತಮಾನಗಟ್ಟಲೆ ತಲೆಯ ಮೇಲಿಟ್ಟುಕೊಂಡ ಗ್ರಂಥದ ಪ್ರಕಾರ ಕುಂಭ ಯುಗ ಎಂಬುದು ಎಂದೂ ಬರುವುದಿಲ್ಲ. ಇದು ತಪ್ಪು ಲೆಕ್ಕ ನಿಜ. 10ನೇ ಶತಮಾನದ ಮುಂಜಾಲ ತೂಗಾಟವನ್ನು ಕೈಬಿಟ್ಟು ಒಂದೇ ದಿಕ್ಕಿನ ಚಲನೆಯನ್ನು ಹೇಳಿದ, 12ನೇ ಶತಮಾನದ ಭಾಸ್ಕರಾಚಾರ್ಯ ಅವನನ್ನು ಉಲ್ಲೇಖಿಸುತ್ತಾನೆ. ಆದರೂ, ಕುಂಭ ಯುಗವನ್ನು ‘ಭಾರತದ ಋಷಿಗಳ ಪ್ರಾಚೀನ ಜ್ಞಾನ’ ಎಂದು ಮಾರುವವರು ಸೂರ್ಯಸಿದ್ಧಾಂತವನ್ನು ಒಮ್ಮೆ ತೆರೆದು ನೋಡಬೇಕಿತ್ತು.

ಇಂದಿನ ದೃಗ್ಗಣಿತದಲ್ಲೂ ಒಮ್ಮತವಿಲ್ಲ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಪಂಚಾಂಗ ಸುಧಾರಣಾ ಸಮಿತಿಯ ಕಾರ್ಯದರ್ಶಿ ಎನ್.ಸಿ. ಲಾಹಿರಿ. ಸಮಿತಿ ಒಪ್ಪಿದ್ದು ಚಿತ್ರಾಪಕ್ಷ: ಚಿತ್ತಾ ನಕ್ಷತ್ರದ ಎದುರಿಗೆ ಮೇಷಾದಿ. (ಹಿಪ್ಪಾರ್ಕಸ್ ಅಳೆದದ್ದೂ ಅದೇ ಚಿತ್ತೆಯನ್ನು.) ಅದರ ಪ್ರಕಾರ ಅಯನಾಂಶ ಸೊನ್ನೆಯಾಗಿದ್ದದ್ದು ಕ್ರಿ.ಶ. 285ರಲ್ಲಿ. ಬೆಂಗಳೂರಿನ ಬಿ.ವಿ. ರಾಮನ್ ಇದನ್ನು ಒಪ್ಪಲಿಲ್ಲ. ತಾತ ಬಿ. ಸೂರ್ಯನಾರಾಯಣ ರಾವ್ 1895ರಲ್ಲಿ ಆರಂಭಿಸಿದ್ದ ‘ಅಸ್ಟ್ರಲಾಜಿಕಲ್ ಮ್ಯಾಗಜಿನ್’ಗೆ 1936ರಲ್ಲಿ ಮರುಜೀವ ಕೊಟ್ಟು ದಶಕಗಟ್ಟಲೆ ನಡೆಸಿದ ರಾಮನ್, ಸೊನ್ನೆಯ ವರ್ಷ ಕ್ರಿ.ಶ. 397 ಎಂದರು. ಇಬ್ಬರ ನಡುವೆ ಒಂದೂವರೆ ಡಿಗ್ರಿಯ ಅಂತರ. ಹುಟ್ಟಿದ ಘಳಿಗೆಯ ದಶೆ ಭುಕ್ತಿಯಲ್ಲಿ ಇದರಿಂದ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಏರುಪೇರಾಗುತ್ತವೆ ಎಂಬುದು ಜಾತಕ ಬರೆಯುವವರಿಗೆಲ್ಲ ಗೊತ್ತು. ಯುಗದ ಲೆಕ್ಕಕ್ಕೆ ಹಚ್ಚಿದರೆ, ಲಾಹಿರಿಯ ಪ್ರಕಾರ ಸಂಪಾತ ಕುಂಭ ಮುಟ್ಟುವುದು 2440ರ ಸುಮಾರಿಗೆ, ರಾಮನ್ ಪ್ರಕಾರ ಅದಕ್ಕಿಂತ ನೂರು ವರ್ಷ ತಡವಾಗಿ. ಇದನ್ನು ಯುಗಾಂತ್ಯ ಎನ್ನುವುದು ನಮ್ಮ ಪಂಚಾಂಗಗಳ ರೂಢಿಯಲ್ಲ ಎಂಬುದನ್ನು ಗಮನಿಸಬೇಕು.

ಅದಕ್ಕೆ ಕಾರಣವಿದೆ. ನಮ್ಮಲ್ಲಿ ಯುಗದ ಲೆಕ್ಕವೇ ಬೇರೆ ಕಡತ. ಕಲಿ ಶುರುವಾದದ್ದು ಕ್ರಿ.ಪೂ. 3102ರ ಫೆಬ್ರುವರಿಯಲ್ಲಿ, ಅದರ ಆಯಸ್ಸು 4,32,000 ವರ್ಷ, ಪೂಜೆಯ ಸಂಕಲ್ಪದಲ್ಲಿ ನಾವಿನ್ನೂ ಅದರ ಪ್ರಥಮ ಪಾದದಲ್ಲೇ ಇದ್ದೇವೆ. ಈ ಎಣಿಕೆ ನಿತ್ಯವ್ಯವಹಾರದ ಹತ್ತಿರವೂ ಇತ್ತು. ಇಮ್ಮಡಿ ಪುಲಿಕೇಶಿಯ ಐಹೊಳೆ ಶಾಸನದಲ್ಲಿ ರವಿಕೀರ್ತಿ ಶಕ 556ರ ಜೊತೆಗೆ ಭಾರತ ಯುದ್ಧದಿಂದ 3,735 ವರ್ಷ ಕಳೆದವು ಎಂದೂ ಕೆತ್ತಿಸಿದ್ದಾನೆ. ಕೊಡೇಕಲ್ಲಿನ ಕಾಲಜ್ಞಾನದ ಪರಂಪರೆಯೂ ಬರಲಿರುವ ಕಾಲದ ಮಾತಾಡುತ್ತದೆ. ಅದು ಮಾತಾಡುವುದು ನಾಡಿನ ಮತ್ತು ಜನರ ಪಾಡನ್ನು, ಸಂಪಾತವನ್ನಲ್ಲ. ಯುಗದ ಮತ್ತು ಸಂಪಾತದ ಈ ಎರಡು ಕಡತಗಳನ್ನು ಹೊಲಿದು ಒಂದು ಮಾಡಿದವರು ಬಂಗಾಳದ ಸ್ವಾಮಿ ಶ್ರೀಯುಕ್ತೇಶ್ವರರು, ಯೋಗಾನಂದರ ಗುರು. 1894ರ ಅವರ ‘ಕೈವಲ್ಯ ದರ್ಶನಂ’ ಹೇಳುವ ಪ್ರಕಾರ ನಾಲ್ಕು ಯುಗಗಳೂ ಸೇರಿ 12,000 ವರ್ಷ, ಇಳಿಯುವುದಕ್ಕೊಂದು ಏರುವುದಕ್ಕೊಂದು ಎಂದು ಒಟ್ಟು 24,000. ತಳ ಮುಟ್ಟಿದ್ದು ಕ್ರಿ.ಶ. 500ರ ಹೊತ್ತಿಗೆ, 1700ರ ಸುಮಾರಿನಿಂದ ನಾವು ಏರುವ ದ್ವಾಪರದಲ್ಲಿದ್ದೇವೆ. ಸೂರ್ಯ ಇನ್ನೊಂದು ಜೊತೆತಾರೆಯನ್ನು ಸುತ್ತುವುದೇ ಸಂಪಾತ ಚಲನೆಗೆ ಕಾರಣ ಎಂದರು. ಅಂಥ ತಾರೆ ಸಿಕ್ಕಿಲ್ಲ, ಬೇಕಾಗಿಯೂ ಇಲ್ಲ. ಚಂದ್ರ ಸೂರ್ಯರ ಸೆಳೆತವೇ ಲೆಕ್ಕಕ್ಕೆ ಸಾಕಾಗುತ್ತದೆ. ಆದರೆ ಈ ಪುಸ್ತಕದ ಆಕರ್ಷಣೆ ನನಗೆ ಅರ್ಥವಾಗುತ್ತದೆ. ರೈಲು, ತಂತಿ, ವಿದ್ಯುತ್ತು ಬಂದ ಕಾಲದಲ್ಲಿ ಇನ್ನೂ ನಾಲ್ಕು ಲಕ್ಷ ವರ್ಷ ಬರೀ ಅವನತಿ ಎಂಬ ಮಾತನ್ನು ನಂಬುವುದು ವಿದ್ಯಾವಂತ ಬಂಗಾಳಿಗೆ ಕಷ್ಟವಾಗಿರಬೇಕು.

ಇನ್ನು ಗೂಳಿ, ಟಗರು, ಮೀನುಗಳ ಸಾಕ್ಷ್ಯ. ಹೇಳಿದವರು ಹೇಳದೆ ಬಿಟ್ಟದ್ದೇ ಹೆಚ್ಚು. ‘ಮೇಷ ಯುಗ’ದ ನಡುಮಧ್ಯದಲ್ಲಿ, ಕ್ರಿ.ಪೂ. 1000ರ ಆಸುಪಾಸಿನ ಬ್ಯಾಬಿಲೋನಿಯದ ನಕ್ಷತ್ರಪಟ್ಟಿಯಲ್ಲಿ, ಈಗಿನ ಮೇಷದ ಜಾಗದಲ್ಲಿದ್ದದ್ದು ಟಗರಲ್ಲ, ಒಬ್ಬ ಕೂಲಿಯಾಳು. ಹನ್ನೆರಡು ಸಮಪಾಲಿನ ರಾಶಿಗಳು ಅಲ್ಲೇ ರೂಪುಗೊಂಡದ್ದು ಕ್ರಿ.ಪೂ. 5ನೇ ಶತಮಾನದಲ್ಲಿ. ನಮ್ಮ ವೇದಗಳಿಗೆ ಗೊತ್ತಿದ್ದದ್ದು ನಕ್ಷತ್ರಗಳು, ರಾಶಿಗಳಲ್ಲ. ಹಾಗಿರುವಾಗ ಇನ್ನೂ ಬರೆಯದ ಚಿತ್ರವೊಂದು ಭೂಮಿಯ ಮೇಲಿನ ಮಂದಿಯ ಬುದ್ಧಿಯನ್ನು ಆಳಿತು ಎನ್ನಬೇಕಾಗುತ್ತದೆ. ಸಿಂಧೂ ಕಣಿವೆಯ ಗೂಳಿ ಮುದ್ರೆಯನ್ನು ವೃಷಭ ಯುಗಕ್ಕೆ ಸಾಕ್ಷಿ ಮಾಡುತ್ತಾರೆ. ಆ ಮುದ್ರೆಗಳಲ್ಲಿ ಅತಿ ಹೆಚ್ಚು ಕಾಣುವುದು ಒಂಟಿಕೊಂಬಿನ ಪ್ರಾಣಿ, ಅದಕ್ಕೆ ಯಾವ ರಾಶಿ? ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವ 16ನೇ ಶತಮಾನದವನು, ಮೀನ ಯುಗದ ಅರ್ಧಕ್ಕಿಂತ ಹೆಚ್ಚು ದಾರಿ ಕಳೆದ ಮೇಲಿನವನು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬರುವ ಜನಕ್ಕೆ ವೃಷಭ ಯುಗ ಮುಗಿದ ಸುದ್ದಿ ಯಾರೂ ಮುಟ್ಟಿಸಿಲ್ಲ. ದಕ್ಷಿಣ ಗೋಲಾರ್ಧದವರಿಗೋ ಮಾರ್ಚಿನ ಸಂಪಾತ ವಸಂತದ್ದೇ ಅಲ್ಲ, ಶರತ್ಕಾಲದ್ದು.

ಪಾಶ್ಚಾತ್ಯ ಜ್ಯೋತಿಷದ ಒಳಗಂತೂ ಇದು ಬಿಡಿಸಲಾಗದ ಗಂಟು. ಅವರದು ಸಾಯನ ಪದ್ಧತಿ. ಸಂಪಾತ ಎಲ್ಲಿದೆಯೋ ಅದೇ ಮೇಷದ ಸೊನ್ನೆ ಡಿಗ್ರಿ. ಹಾಗಾಗಿ ಅವರ ಮೇಷ ಸಂಪಾತದ ಜೊತೆಗೇ ಜರುಗುತ್ತಾ ಹೋಗುತ್ತದೆ, ಸಂಪಾತ ಅದನ್ನು ಬಿಟ್ಟು ಮೀನಕ್ಕೂ ಕುಂಭಕ್ಕೂ ಹೋಗುವ ಮಾತೇ ಇಲ್ಲ. ಜಾತಕ ನೋಡುವಾಗ ಸಾಯನ, ಯುಗ ಹೇಳುವಾಗ ಮಾತ್ರ ಯಾರಿಗೂ ಹೇಳದೆ ನಿರಯಣ! 2020ರ ಡಿಸೆಂಬರ್ 21ರಂದು ಗುರು, ಶನಿ ಡಿಗ್ರಿಯ ಹತ್ತನೇ ಒಂದು ಪಾಲಿನಷ್ಟು ಹತ್ತಿರ ಬಂದವು. 1623ರ ನಂತರ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಸಾಯನದಲ್ಲಿ ಅದು ಕುಂಭದ ಮೊದಲ ಡಿಗ್ರಿ. ಕೋವಿಡ್ಡಿನಲ್ಲಿ ಮನೆಯೊಳಗೆ ಕೂತಿದ್ದ ಲೋಕಕ್ಕೆ ಕುಂಭ ಯುಗ ಬಂತು ಎಂದು ಮತ್ತೊಮ್ಮೆ ಸುದ್ದಿ ಹೋಯಿತು. ಗ್ರಹಯುತಿಗೂ ಸಂಪಾತಕ್ಕೂ ಸಂಬಂಧವೇ ಇಲ್ಲ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ನಮ್ಮ ಪಂಚಾಂಗದಲ್ಲಿ ಅವೆರಡೂ ಆ ದಿನ ಮಕರದಲ್ಲಿದ್ದವು, ಆಕಾಶ ನೋಡಿದವರಿಗೂ ಮಕರದಲ್ಲೇ ಕಂಡವು.

ಪ್ರಾಚೀನರ ಪುರಾಣಗಳಲ್ಲೇ ಸಂಪಾತದ ರಹಸ್ಯ ಹುದುಗಿದೆ ಎಂಬ ವಾದವನ್ನು ಬದಿಗೆ ಸರಿಸುವ ಮುನ್ನ ಎರಡು ಪ್ರಯತ್ನಗಳನ್ನು ಹೇಳಬೇಕು. 1969ರ ‘ಹ್ಯಾಮ್ಲೆಟ್ಸ್ ಮಿಲ್’ನಲ್ಲಿ ಸಾಂಟಿಲಾನಾ ಮತ್ತು ದೆಖೆಂಡ್ ಎಂಬ ವಿದ್ವಾಂಸರು ಲೋಕದ ಪುರಾಣಗಳನ್ನೆಲ್ಲ ಹೀಗೆ ಓದಿದರು, ಎಲ್ಲಕ್ಕೂ ಹೊಂದುವ ಬೀಗದಕೈ ಯಾವ ಬೀಗದ್ದೂ ಅಲ್ಲ ಎನ್ನಿಸುತ್ತದೆ. 1989ರಲ್ಲಿ ಡೇವಿಡ್ ಯುಲಾನ್ಸಿ, ರೋಮನ್ನರ ಮಿತ್ರದೇವ ಗೂಳಿಯನ್ನು ಕೊಲ್ಲುವ ಶಿಲ್ಪ ವೃಷಭ ಯುಗದ ಅಂತ್ಯವನ್ನು ಸೂಚಿಸುತ್ತದೆ ಎಂದು ವಾದಿಸಿದರು. ಇದು ಹೆಚ್ಚು ಬಿಗಿಯಾದ ವಾದ, ಹಿಪ್ಪಾರ್ಕಸ್ಸಿನ ನಂತರದ ಕಾಲದ್ದು ಎಂಬುದೂ ಅದರ ಪರವಾಗಿದೆ. ತಜ್ಞರಲ್ಲಿ ಹೆಚ್ಚಿನವರು ಒಪ್ಪಿಲ್ಲ.

ಸಂಪಾತ ಸರಿಯುವುದರ ನಿಜವಾದ ಪರಿಣಾಮ ಬೇಕೆಂದರೆ ಮನುಷ್ಯನ ಸ್ವಭಾವದಲ್ಲಿ ಹುಡುಕಬೇಕಿಲ್ಲ, ಹಬ್ಬದ ಪಟ್ಟಿಯಲ್ಲಿದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ. ಕ್ರಿ.ಶ. 285ರ ಹೊತ್ತಿಗೆ ಮಕರ ಸಂಕ್ರಮಣವೂ ನಿಜವಾದ ಉತ್ತರಾಯಣವೂ ಒಂದೇ ದಿನ ಇದ್ದವು. ಇಂದು ಸೂರ್ಯ ಉತ್ತರಕ್ಕೆ ತಿರುಗಿ ಮೂರು ವಾರ ಕಳೆದ ಮೇಲೆ ನಾವು ಎಳ್ಳು ಬೀರುತ್ತೇವೆ. ಬೆಂಗಳೂರಿನ ಗವಿಪುರದ ಗಂಗಾಧರೇಶ್ವರನ ಮೇಲೆ ಸಂಕ್ರಾಂತಿಯ ಸಂಜೆ ಬಿಸಿಲು ಬೀಳುವುದನ್ನು ನೋಡಲು ಜನ ಸೇರುತ್ತಾರೆ. ಕಿಟಕಿಗೆ ಗೊತ್ತಿರುವುದು ಸೂರ್ಯನ ಎತ್ತರ ಮತ್ತು ದಿಕ್ಕು ಮಾತ್ರ, ಪಂಚಾಂಗವಲ್ಲ. ನವೆಂಬರ್ ಕೊನೆಯ ವಾರದಲ್ಲೂ ಸೂರ್ಯ ಅದೇ ದಾರಿಯಲ್ಲಿ ಇಳಿಯುತ್ತಾನೆ. ಇನ್ನು ಏಳುನೂರು ವರ್ಷಕ್ಕೆ ಸಂಕ್ರಾಂತಿ ಜನವರಿ 24-25ಕ್ಕೆ ಸರಿದಿರುತ್ತದೆ. ಆ ಹೊತ್ತಿಗೆ ಸೂರ್ಯ ಎರಡು ಡಿಗ್ರಿ ಉತ್ತರಕ್ಕೆ ಹೋಗಿರುತ್ತಾನೆ, ಬಿಸಿಲು ಒಂದು ದಿನ, ಹಬ್ಬ ಇನ್ನೊಂದು ದಿನ ಆಗುತ್ತದೆ.

ಸಾಹಾ ಸಮಿತಿ ಇದನ್ನು ಮುಂಗಂಡಿತ್ತು. 1955ರ ವರದಿಯಲ್ಲಿ, ವ್ಯವಹಾರಕ್ಕೆ ಋತುವಿಗೆ ಕಟ್ಟಿದ ರಾಷ್ಟ್ರೀಯ ಪಂಚಾಂಗ, ಧಾರ್ಮಿಕ ಸೌರಮಾಸಗಳಿಗೆ ಅಯನಾಂಶವನ್ನು 23 ಡಿಗ್ರಿ 15 ಕಲೆಗೆ ನಿಲ್ಲಿಸಿಬಿಡುವುದು ಎಂಬ ರಾಜಿಯನ್ನು ಸೂಚಿಸಿತು. ಹಾಗೆ ಮಾಡಿದ್ದರೆ ಹಬ್ಬಗಳು ಇದ್ದಲ್ಲೇ ನಿಲ್ಲುತ್ತಿದ್ದವು. ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಂದು ಜಾರಿಗೆ ಬಂತು, ಆಕಾಶವಾಣಿ ಅದರ ದಿನಾಂಕ ಓದಿತು, ಸರ್ಕಾರಿ ಗೆಜೆಟ್ ಅಚ್ಚು ಹಾಕಿತು. ಮಠಗಳೂ ಪಂಚಾಂಗಕರ್ತರೂ ಎರಡನೆಯ ಸೂಚನೆಯನ್ನು ಒಪ್ಪಲಿಲ್ಲ. ಈ ಶತಮಾನ ಮುಗಿಯುವಷ್ಟರಲ್ಲಿ ಸಂಕ್ರಾಂತಿ ಜನವರಿ 15-16ಕ್ಕೆ ಬಂದಿರುತ್ತದೆ.